ಕಿಡ್ನಿ ಕಾಯಿಲೆಯಲ್ಲಿ ಚರ್ಮ ಗಟ್ಟಿಯಾದರೆ, ಕಪ್ಪಾದರೆ: ಮುಂಬಯಿಯ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 26 ವರ್ಷ ಮುಂಬಯಿಯ ಡಯಾಲಿಸಿಸ್ ವಾರ್ಡುಗಳಲ್ಲಿ ನರ್ಸ್ ಆಗಿದ್ದೆ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ. ಕೆಲಸದಿಂದ ನಿವೃತ್ತಿಯಾಯಿತು, ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ. ಮಾಟುಂಗದಲ್ಲಿ ಕಾರ್ಯಕ್ರಮ ಮುಗಿದು ಚಾ ಕುಡಿಯುವಾಗ, ಲೋಕಲ್‌ನ ಲೇಡೀಸ್ ಡಬ್ಬದಲ್ಲಿ, ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಕ್ರಿಯೇಟಿನಿನ್ ಎಷ್ಟಿರಬೇಕು, ನೀರು ಎಷ್ಟು ಕುಡಿಯಬಹುದು ಎಂದೆಲ್ಲಾ ಮಾತಾಡುತ್ತಾರೆ. ಹೊರಡುವ ಹೊತ್ತಿಗೆ ದನಿ ತಗ್ಗಿಸಿ, "ಸಿಸ್ಟರ್, ತೊಡೆಯ ಮೇಲೆ ಏನೋ ಗಟ್ಟಿಯಾಗಿದೆ" ಎನ್ನುತ್ತಾರೆ. ಆ ಕಡೆಯ ಮಾತನ್ನು ಮೊದಲೇ ಹೇಳಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ ಶುರು ಮಾಡಬೇಕು, ಯಾವುದು ನಿಲ್ಲಿಸಬೇಕು ಎನ್ನುವುದನ್ನು ನಿಮ್ಮ ಕಿಡ್ನಿ ಡಾಕ್ಟರೇ ಹೇಳಬೇಕು.

### ಎಲ್ಲರೂ ಮೊದಲು ಕೇಳುವುದು

ಹಾಳಾಗಿರೋದು ಕಿಡ್ನಿ. ಚರ್ಮಕ್ಕೆ ಯಾಕೆ ತೊಂದರೆ ಬರುತ್ತೆ?

ಕಿಡ್ನಿ ಬರೀ ಮೂತ್ರ ಮಾಡುವ ಅಂಗವಲ್ಲ. ಊಟದಲ್ಲಿ ಬರುವ ಫಾಸ್ಫರಸ್ಸನ್ನು ಹೊರಗೆ ಹಾಕುವುದು ಅದೇ. ವಿಟಮಿನ್ ಡಿಯನ್ನು ದೇಹ ಬಳಸಬಲ್ಲ ರೂಪಕ್ಕೆ ತರುವುದೂ ಅದೇ. ಕಿಡ್ನಿ ಸೋತಾಗ ಫಾಸ್ಫರಸ್ ರಕ್ತದಲ್ಲಿ ಏರುತ್ತದೆ. ಕತ್ತಿನಲ್ಲಿ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಸಣ್ಣ ಗ್ರಂಥಿಗಳಿವೆ. ಅವು ಗಾಬರಿಯಾದವರಂತೆ ಹಾರ್ಮೋನು ಸುರಿಸಲು ಶುರು ಮಾಡುತ್ತವೆ. ಆ ಹಾರ್ಮೋನು ಎಲುಬಿನಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಹೀಗೆ ಎಲುಬಿನಲ್ಲಿ ಇರಬೇಕಾದ ಸುಣ್ಣ ರಕ್ತನಾಳದಲ್ಲಿ, ಕೀಲಿನ ಸುತ್ತ, ಚರ್ಮದ ಕೆಳಗೆ ಕೂರುತ್ತದೆ.

ಇನ್ನೊಂದು ದಾರಿಯೂ ಇದೆ. ಹೊರಗಿನಿಂದ ಕೊಟ್ಟ ಕೆಲವು ಇಂಜೆಕ್ಷನ್ನುಗಳು ಸರಿಯಿರುವ ಕಿಡ್ನಿಯಿಂದ ಕೆಲವೇ ಗಂಟೆಗಳಲ್ಲಿ ಹೊರಟುಹೋಗುತ್ತವೆ. ಸೋತ ಕಿಡ್ನಿಯಿದ್ದರೆ ಅವು ಒಳಗೇ ಉಳಿಯುತ್ತವೆ.

ಈ ಎರಡು ದಾರಿಗಳಿಂದ ಎರಡು ಬೇರೆ ಬೇರೆ ಕಾಯಿಲೆಗಳು ಬರುತ್ತವೆ. ಇಂಜೆಕ್ಷನ್ನಿನಿಂದ ಬರುವುದರಲ್ಲಿ ಚರ್ಮ ಮರದ ಹಲಗೆಯಂತೆ ಗಟ್ಟಿಯಾಗುತ್ತದೆ. ಇನ್ನೊಂದರಲ್ಲಿ ಚರ್ಮದ ಸಣ್ಣ ರಕ್ತನಾಳಗಳಲ್ಲಿ ಸುಣ್ಣ ತುಂಬಿ, ರಕ್ತ ಸಿಗದೆ ಚರ್ಮ ಸಾಯುತ್ತದೆ. ಎರಡೂ ಅಪರೂಪ. ಆದರೆ ತಡವಾಗಿ ಗೊತ್ತಾದರೆ ಎರಡೂ ಕಷ್ಟ.

ನನಗೆ ಮೈಯೆಲ್ಲಾ ತುರಿಕೆ, ರಾತ್ರಿ ನಿದ್ದೆ ಇಲ್ಲ. ಇದೂ ಅದೇನಾ?

ಹೆಚ್ಚಾಗಿ ಅಲ್ಲ. ಡಯಾಲಿಸಿಸ್‌ನಲ್ಲಿರುವ ತುಂಬಾ ಜನರಿಗೆ ತುರಿಕೆ ಇರುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ಅದಕ್ಕೆ ಬೇರೆ ಔಷಧಿ ಇದೆ, ಕೇಳಿ ಪಡೆಯಿರಿ. ಸ್ನಾನ ಮಾಡಿ ಮೈ ಪೂರ್ತಿ ಒಣಗುವ ಮೊದಲೇ ತೆಂಗಿನೆಣ್ಣೆ ಹಚ್ಚಿದರೆ ಒಂದಿಷ್ಟು ಆರಾಮ. ಉಗುರು ಚಿಕ್ಕದಾಗಿರಲಿ. ತುರಿಕೆಯ ಜೊತೆ ಚರ್ಮ ಬಿಗಿಯುತ್ತಿದ್ದರೆ, ಅಥವಾ ಒಂದೇ ಜಾಗ ವಿಪರೀತ ನೋಯುತ್ತಿದ್ದರೆ ಆಗ ಬೇರೆ ಮಾತು.

ಕಾಲು ಊದಿದೆಯೋ ಗಟ್ಟಿಯಾಗಿದೆಯೋ, ಮನೆಯಲ್ಲೇ ಹೇಗೆ ನೋಡೋದು?

ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಒತ್ತಿ ಹಿಡಿದು ಹತ್ತು ಎಣಿಸಿ. ಕೈ ತೆಗೆದಾಗ ಗುಳಿ ಬಿದ್ದರೆ ಅದು ನೀರು. ಡಯಾಲಿಸಿಸ್‌ನಲ್ಲಿ ನೀರು ತೆಗೆದ ಮೇಲೆ ಇಳಿಯಬೇಕು. ಗುಳಿಯೇ ಬೀಳದಿದ್ದರೆ, ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಲು ಆಗದಿದ್ದರೆ, ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿ ಚುಕ್ಕಿ ಕಂಡರೆ ಡಾಕ್ಟರಿಗೆ ತೋರಿಸಿ. ಶುರುವಿನಲ್ಲಿ ಊತ ಮತ್ತು ಗಟ್ಟಿ ಎರಡೂ ಒಟ್ಟಿಗೇ ಇರಬಹುದು. ಅದಕ್ಕೇ ಒಂದು ಸಲ ನೋಡಿ ಬಿಡಬೇಡಿ, ವಾರಕ್ಕೊಮ್ಮೆ ನೋಡಿ.

ಇದು ಅಂಟುತ್ತಾ? ಮೊಮ್ಮಕ್ಕಳನ್ನು ದೂರ ಇಡಬೇಕಾ?

ಅಂಟುವುದಿಲ್ಲ. ಕುಷ್ಠವೂ ಅಲ್ಲ. ಮಕ್ಕಳು ಹತ್ತಿರ ಬಂದು ಕೂರಲಿ.

ಊರಲ್ಲಿ ನಾಗದೋಷ ಅಂತಾರೆ. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸ್ಬೇಕಾ?

ನಮ್ಮ ಕರಾವಳಿಯವರು ಚರ್ಮದ ಕಾಯಿಲೆ ಬಂದರೆ ಮೊದಲು ನೆನೆಯುವುದು ನಾಗನನ್ನೇ. ನಾನೂ ಆ ನಂಬಿಕೆಯ ಮನೆಯಲ್ಲೇ ಬೆಳೆದವಳು. ಪೂಜೆ ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೇಳುವುದು ಎರಡೇ ಮಾತು. ಊರಿಗೆ ಹೋಗುವ ಹುರುಪಿನಲ್ಲಿ ಒಂದು ಡಯಾಲಿಸಿಸ್ ಕೂಡ ತಪ್ಪಿಸಬೇಡಿ. ಮಂಗಳೂರು ಅಥವಾ ಉಡುಪಿಯಲ್ಲಿ ಮೊದಲೇ ಮಾತಾಡಿ ಜಾಗ ಹಿಡಿದು ಹೊರಡಿ. ಇನ್ನು ಗಾಯವಾಗಿದ್ದರೆ, ಪೂಜೆ ಮುಗಿಸಿ ಬಂದು ತೋರಿಸುತ್ತೇನೆ ಎನ್ನಬೇಡಿ. ತೋರಿಸಿ ಹೋಗಿ.

ದೋಷ ಎಂಬ ಮಾತು ಮನೆಯೊಳಗೆ ಬಂದ ಕೂಡಲೇ ರೋಗಿ ತನ್ನದೇ ಏನೋ ತಪ್ಪು ಎಂದುಕೊಳ್ಳುತ್ತಾರೆ. ಗಾಯ ಮುಚ್ಚಿಡಲು ಶುರು ಮಾಡುತ್ತಾರೆ. ನನಗೆ ಬೇಸರವಾಗುವುದು ಅದಕ್ಕೆ. ಇದರಲ್ಲಿ ಯಾರ ತಪ್ಪೂ ಇಲ್ಲ.

### ಚರ್ಮ ಹಲಗೆಯಂತೆ ಆಗುವ ಕಾಯಿಲೆ

ಎಂಆರ್‌ಐ ಮಾಡಿಸಿದ್ರೆ ಚರ್ಮ ಕಲ್ಲಾಗುತ್ತೆ ಅಂತ ಯಾರೋ ಹೇಳಿದ್ರು. ನಿಜಾನಾ?

ಎಂಆರ್‌ಐ ಯಂತ್ರದಿಂದ ಏನೂ ಆಗುವುದಿಲ್ಲ. ತೊಂದರೆ ಇರುವುದು ಕೆಲವು ಎಂಆರ್‌ಐಗಳಲ್ಲಿ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕೊಡುವ, ಗ್ಯಾಡೊಲಿನಿಯಂ ಎಂಬ ಲೋಹದ ಕಾಂಟ್ರಾಸ್ಟ್ ಇಂಜೆಕ್ಷನ್ನಿನಲ್ಲಿ.

ಇದರ ಕಥೆ ತಿಳಿದುಕೊಂಡರೆ ಒಳ್ಳೆಯದು. 1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಿಡ್ನಿ ರೋಗಿಗಳ ಕೈಕಾಲಿನ ಚರ್ಮ ಗಟ್ಟಿಯಾಗುವುದು ಮೊದಲು ಕಣ್ಣಿಗೆ ಬಿತ್ತು. ಶಾನ್ ಕೌಪರ್ ಮತ್ತು ಜೊತೆಗಾರರು 2000ದಲ್ಲಿ ಇದನ್ನು ಹೊಸ ಕಾಯಿಲೆ ಎಂದು ಬರೆದರು. ಮೊದಲು ಚರ್ಮಕ್ಕೆ ಮಾತ್ರ ಬರುತ್ತದೆ ಎಂದುಕೊಂಡಿದ್ದರು. ಆಮೇಲೆ ಸ್ನಾಯು, ಶ್ವಾಸಕೋಶ, ಹೃದಯದಲ್ಲೂ ನಾರು ಬೆಳೆದದ್ದು ಕಂಡಿತು. ಆಗ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಎಂದು ಹೆಸರು ಬದಲಾಯಿತು. ಎನ್‌ಎಸ್‌ಎಫ್ ಎಂದರೆ ಇದೇ. ಕಾರಣ ಮಾತ್ರ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. 2006ರಲ್ಲಿ ಆಸ್ಟ್ರಿಯಾದ ಡಾಕ್ಟರ್ ಥಾಮಸ್ ಗ್ರೋಬ್ನರ್ ತಮ್ಮ ಡಯಾಲಿಸಿಸ್ ಪೇಷಂಟುಗಳಲ್ಲಿ ಗ್ಯಾಡೊಲಿನಿಯಂ ಇಂಜೆಕ್ಷನ್ನಿಗೂ ಇದಕ್ಕೂ ನಂಟು ಇರುವುದನ್ನು ಗುರುತಿಸಿದರು. ಮರುವರ್ಷವೇ ಅಮೆರಿಕದ ಔಷಧ ಇಲಾಖೆ ಈ ಇಂಜೆಕ್ಷನ್ನುಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಗ್ಯಾಡೊಲಿನಿಯಂ ತಾನಾಗಿ ವಿಷ. ಆದ್ದರಿಂದ ಅದನ್ನು ಇನ್ನೊಂದು ರಾಸಾಯನಿಕದೊಳಗೆ ಹಿಡಿದಿಟ್ಟು ಕೊಡುತ್ತಾರೆ. ಹಳೆಯ ಬಗೆಯವು ಮುಚ್ಚಳವಿಲ್ಲದ ಬುಟ್ಟಿಯ ಹಾಗೆ. ಕಿಡ್ನಿ ಸರಿಯಿದ್ದರೆ ಒಂದೂವರೆ ಗಂಟೆಯಲ್ಲಿ ಅರ್ಧ ಹೊರಟುಹೋಗುತ್ತದೆ, ಬುಟ್ಟಿಯಿಂದ ಚೆಲ್ಲಲು ಸಮಯವೇ ಸಿಗುವುದಿಲ್ಲ. ಕಿಡ್ನಿ ಪೂರ್ತಿ ಸೋತವರಲ್ಲಿ ಅರ್ಧ ಹೋಗಲು 30 ಗಂಟೆಗೂ ಜಾಸ್ತಿ ಬೇಕು. ಅಷ್ಟರಲ್ಲಿ ಲೋಹ ಬಿಡಿಸಿಕೊಂಡು ಚರ್ಮದಲ್ಲಿ ಕೂರುತ್ತದೆ. ದೇಹ ಅಲ್ಲಿ ಗಾಯವಾಗಿದೆ ಎಂದು ತಿಳಿದು ನಾರು ಹೆಣೆಯಲು ಶುರು ಮಾಡುತ್ತದೆ, ನಿಲ್ಲಿಸುವುದೇ ಇಲ್ಲ.

ಸಿಟಿ ಸ್ಕ್ಯಾನಿಗೂ ಇಂಜೆಕ್ಷನ್ ಕೊಡ್ತಾರಲ್ಲ, ಅದರಿಂದಲೂ ಬರುತ್ತಾ?

ಬರುವುದಿಲ್ಲ. ಸಿಟಿಯಲ್ಲಿ ಕೊಡುವುದು ಅಯೋಡಿನ್ ಇರುವ ಕಾಂಟ್ರಾಸ್ಟ್. ಅದಕ್ಕೂ ಕಿಡ್ನಿಗೂ ಬೇರೆ ಲೆಕ್ಕವಿದೆ, ಆದರೆ ಚರ್ಮ ಗಟ್ಟಿಯಾಗುವ ಕಾಯಿಲೆ ಅದರಿಂದ ಬರುವುದಿಲ್ಲ.

ಹಾಗಾದ್ರೆ ಎಂಆರ್‌ಐ ಬೇಡ್ವೇ ಬೇಡ ಅಂತ ಹೇಳಿಬಿಡಲಾ?

ದಯವಿಟ್ಟು ಹಾಗೆ ಮಾಡಬೇಡಿ. ಭಯದಿಂದ ಬೇಕಾದ ಪರೀಕ್ಷೆ ಬಿಟ್ಟು, ಬೆನ್ನುಹುರಿಯ ಸೋಂಕು ಗೊತ್ತಾಗದೆ ಕಾಲಿನ ಬಲ ಕಳೆದುಕೊಂಡವರನ್ನು ನೋಡಿದ್ದೇನೆ. ಎಷ್ಟೋ ಎಂಆರ್‌ಐಗಳನ್ನು ಇಂಜೆಕ್ಷನ್ ಇಲ್ಲದೆಯೇ ಮಾಡಬಹುದು. ಇಂಜೆಕ್ಷನ್ ಬೇಕೇ ಬೇಕು ಎಂದಾದರೆ ಈಗ ಹೊಸ ಬಗೆಯವು ಇವೆ. ಅವುಗಳಲ್ಲಿ ಲೋಹ ಬಿಗಿ ಮುಚ್ಚಳದ ಡಬ್ಬಿಯೊಳಗೆ ಇದ್ದ ಹಾಗೆ. ಗ್ಯಾಡೊಟೆರೇಟ್, ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರಿಡಾಲ್ ಎಂಬ ಹೆಸರುಗಳನ್ನು ನೆನಪಿಡಿ. ಕಿಡ್ನಿ ಕಾಯಿಲೆಯ 4 ಮತ್ತು 5ನೇ ಹಂತದಲ್ಲಿದ್ದು, ಅಂದರೆ ಕೊನೆಯ ಎರಡು ಹಂತಗಳಲ್ಲಿದ್ದು, ಇಂಥ ಸುರಕ್ಷಿತ ಗುಂಪಿನ ಇಂಜೆಕ್ಷನ್ ಪಡೆದ ಸುಮಾರು 4,900 ಜನರ ಲೆಕ್ಕವನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದರು. ಒಬ್ಬರಿಗೂ ಎನ್‌ಎಸ್‌ಎಫ್ ಬಂದಿರಲಿಲ್ಲ. ಹಳೆಯ ಬಗೆಯ ಗ್ಯಾಡೊಡಯಮೈಡ್‌ನಂಥವನ್ನು ಯುರೋಪು 2017ರಲ್ಲಿ ತಡೆಹಿಡಿಯಿತು.

ಸ್ಕ್ಯಾನ್ ಸೆಂಟರಿಗೆ ಹೋದಾಗ ಬಾಯಿಬಿಟ್ಟು ಹೇಳಿ: "ನಾನು ಕಿಡ್ನಿ ಪೇಷಂಟು. ಇಂಜೆಕ್ಷನ್ ಇದೆಯಾ? ಯಾವುದು? ಹೆಸರು ಬರೆದುಕೊಡಿ." ಒಮ್ಮೆ ನನ್ನ ಸ್ವಂತ ಚಿಕ್ಕಮ್ಮನನ್ನು ಒಂದು ಸೆಂಟರಿಗೆ ಕರೆದುಕೊಂಡು ಹೋಗಿದ್ದೆ. ಫಾರ್ಮಿನಲ್ಲಿ ಕಿಡ್ನಿಯ ಪ್ರಶ್ನೆ ಇತ್ತು. ಕೌಂಟರಿನಲ್ಲಿದ್ದ ಹುಡುಗ ಕೇಳದೆಯೇ "ಇಲ್ಲ" ಎಂದು ಗೀಟು ಎಳೆದಿದ್ದ. ಅವರ ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಉಬ್ಬು, ಎದ್ದು ಕಾಣುತ್ತಿತ್ತು. ಅಂದಿನಿಂದ ನಾನು ಫಾರ್ಮನ್ನು ನಾನೇ ಓದಿ, ನಾನೇ ತುಂಬುತ್ತೇನೆ. ನೀವೂ ಹಾಗೆ ಮಾಡಿ. ಫಾರ್ಮ್ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ಓದಲು ಬಾರದಿದ್ದರೆ ಓದಿ ಹೇಳಿ ಎಂದು ಕೇಳಿ. ನಾಚಿಕೆ ಬೇಡ.

ಇಂಜೆಕ್ಷನ್ ಕೊಟ್ಟಾಯ್ತು. ಈಗ ಡಯಾಲಿಸಿಸ್ ಮಾಡಿದ್ರೆ ಹೋಗುತ್ತಾ?

ಯಂತ್ರದ ಡಯಾಲಿಸಿಸ್ ಗ್ಯಾಡೊಲಿನಿಯಂನ ಬಹುಪಾಲನ್ನು ತೆಗೆಯುತ್ತದೆ. ಮೂರು ಸಲ ಆಗುವಷ್ಟರಲ್ಲಿ ರಕ್ತದಲ್ಲಿ ಉಳಿಯುವುದು ತೀರಾ ಸ್ವಲ್ಪ. ಅದಕ್ಕೇ ಸ್ಕ್ಯಾನನ್ನು ಡಯಾಲಿಸಿಸ್‌ಗೆ ಸ್ವಲ್ಪ ಮೊದಲು ಇಟ್ಟುಕೊಳ್ಳುವುದು ಜಾಣತನ. ಬೆಳಗ್ಗೆ ಸ್ಕ್ಯಾನ್, ಮಧ್ಯಾಹ್ನದ ಶಿಫ್ಟಿನಲ್ಲಿ ಡಯಾಲಿಸಿಸ್ ಎನ್ನುವ ಹಾಗೆ. ಆದರೆ ಡಯಾಲಿಸಿಸ್ ಮಾಡಿದ್ದರಿಂದಲೇ ಕಾಯಿಲೆ ಖಂಡಿತ ತಪ್ಪುತ್ತದೆ ಎಂದು ಸಾಬೀತಾಗಿಲ್ಲ. ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಇದು ತುಂಬಾ ನಿಧಾನವಾಗಿ ಹೊರಹೋಗುತ್ತದೆ. ಹಾಗಾಗಿ ಅವರಿಗೆ ಇಂಜೆಕ್ಷನ್ ಆರಿಸುವಾಗಲೇ ಎಚ್ಚರ ಜಾಸ್ತಿ ಬೇಕು. ಇನ್ನೂ ಡಯಾಲಿಸಿಸ್ ಶುರುವಾಗದವರು ಇದೊಂದಕ್ಕಾಗಿ ಶುರು ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಕಾಯಿಲೆ ಬಂದೇಬಿಟ್ಟಿದ್ರೆ ಏನು ಮಾಡೋದು?

ಇಂಜೆಕ್ಷನ್ ಕೊಟ್ಟ ಕೆಲವು ದಿನಗಳಿಂದ ಕೆಲವು ತಿಂಗಳೊಳಗೆ ಹೆಚ್ಚಾಗಿ ಶುರುವಾಗುತ್ತದೆ. ಎರಡೂ ಕಾಲಿನಲ್ಲಿ ಒಂದೇ ಥರ, ಆಮೇಲೆ ಕೈಗಳಿಗೆ. ಮುಖಕ್ಕೆ ಬರುವುದಿಲ್ಲ. ಉರಿ, ತುರಿಕೆ, ಚುಚ್ಚಿದಂಥ ನೋವು. ಕೆಲವರ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಮಚ್ಚೆ ಕಾಣುತ್ತದೆ. ಮುಂದುವರಿದರೆ ಮೊಣಕಾಲು, ಮೊಣಕೈ, ಬೆರಳುಗಳು ಮಡಚಿದಲ್ಲೇ ನಿಲ್ಲುತ್ತವೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುತ್ತಿದ್ದವರು ಕುರ್ಚಿಯಿಂದ ಏಳಲೂ ಆಗದ ಸ್ಥಿತಿಗೆ ಬರುತ್ತಾರೆ.

ಇದನ್ನು ಖಂಡಿತ ಗುಣಪಡಿಸುವ ಮಾತ್ರೆ ಇಲ್ಲ. ಕಿಡ್ನಿ ಮತ್ತೆ ಕೆಲಸ ಮಾಡಿದರೆ, ತಾನಾಗಿಯೇ ಆಗಲಿ ಕಸಿಯಿಂದಾಗಲಿ, ಕೆಲವರಲ್ಲಿ ಚರ್ಮ ಮೆದುವಾಗಿದೆ. ರಕ್ತವನ್ನು ಹೊರತೆಗೆದು ಅತಿನೇರಳೆ ಬೆಳಕು ತೋರಿಸಿ ಹಿಂದಿರುಗಿಸುವ ಚಿಕಿತ್ಸೆ, ಇಮ್ಯಾಟಿನಿಬ್ ಮಾತ್ರೆ ಇವನ್ನೆಲ್ಲಾ ಪ್ರಯತ್ನಿಸಿದ್ದಾರೆ, ಫಲ ಒಂದೇ ಥರ ಇಲ್ಲ. ನನ್ನ ಕಣ್ಣೆದುರಿಗೆ ನಿಜವಾಗಿ ಕೆಲಸ ಮಾಡಿದ್ದು ಫಿಸಿಯೋಥೆರಪಿ. ದಿನಾ, ತಪ್ಪದೆ, ನೋವಿನ ಔಷಧಿ ತೆಗೆದುಕೊಂಡಾದರೂ ಸರಿ. ಮಡಚಿ ನಿಂತ ಕೀಲನ್ನು ಬಿಡಿಸುವುದಕ್ಕಿಂತ ಮಡಚದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ.

### ಚರ್ಮದಲ್ಲಿ ಸುಣ್ಣ ಕೂರುವ ಕಾಯಿಲೆ

ಕ್ಯಾಲ್ಸಿಯಂ ಒಳ್ಳೆಯದಲ್ವಾ? ಅದು ಹೇಗೆ ಚರ್ಮ ಕೊಲ್ಲುತ್ತೆ?

ಇದರ ಹೆಸರು ಕ್ಯಾಲ್ಸಿಫಿಲ್ಯಾಕ್ಸಿಸ್. 1960ರ ದಶಕದ ಮೊದಲಿಗೆ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡುವಾಗ ಕೊಟ್ಟ ಹೆಸರು. ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕೂದಲಿನಷ್ಟು ಸಣ್ಣ ರಕ್ತನಾಳಗಳಿವೆ. ಅವುಗಳ ಗೋಡೆಯಲ್ಲಿ ಸುಣ್ಣ ಕೂತು ದಾರಿ ಕಿರಿದಾಗುತ್ತದೆ. ಕೊನೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಬಾವಿ ನೀರಿನ ಪೈಪಿನಲ್ಲಿ ಉಪ್ಪು ಕಟ್ಟಿ ನೀರು ನಿಲ್ಲುವುದಿಲ್ಲವೇ, ಹಾಗೆ. ಕೊಬ್ಬು, ಚರ್ಮ ಎರಡೂ ಸಾಯುತ್ತವೆ. ವಿಪರೀತ ನೋವು ಬರುವುದು ಅದಕ್ಕೇ.

ರಿಪೋರ್ಟಿನಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಸರಿಯಾಗಿಯೇ ಇದ್ದರೂ ಈ ಕಾಯಿಲೆ ಬರಬಹುದು. "ರಿಪೋರ್ಟ್ ನಾರ್ಮಲ್ ಇದೆ, ಏನೂ ಇರಲಿಕ್ಕಿಲ್ಲ" ಎಂದು ಸುಮ್ನೆ ಕೂರಬೇಡಿ.

ಅಮ್ಮನಿಗೆ ಶುಗರ್ ಇದೆ. ಗಾಯ ಆದ್ರೆ ಶುಗರ್ ಗಾಯ ಅಂತಾರೆ. ಇದನ್ನು ಬೇರೆ ಅಂತ ಹೇಗೆ ಗುರುತಿಸೋದು?

ಮೂರು ಸಂಗತಿ ನೋಡಿ.

ಮೊದಲನೆಯದು ಜಾಗ. ಶುಗರ್ ಗಾಯ ಹೆಚ್ಚಾಗಿ ಪಾದದಲ್ಲಿ, ಬೆರಳಲ್ಲಿ, ಚಪ್ಪಲಿ ಉಜ್ಜುವ ಕಡೆ. ಇದು ಕಾಲಿನ ಕೆಳಭಾಗದಲ್ಲೂ ಬರಬಹುದು. ಆದರೆ ಕೊಬ್ಬು ಇರುವ ಹೊಟ್ಟೆ, ತೊಡೆ, ಪೃಷ್ಠ, ಸ್ತನದಲ್ಲಿ ಬಂದರೆ ಸಂಶಯ ಬಲವಾಗಬೇಕು. ಎರಡನೆಯದು ನೋವು. ಶುಗರ್‌ನಿಂದ ನರ ಸತ್ತವರಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಇದರಲ್ಲಿ ಸೀರೆಯ ಅಂಚು ತಾಗಿದರೂ ಕಿರುಚುವಷ್ಟು ನೋವು. ಎಷ್ಟೋ ಸಲ ಚರ್ಮದ ಮೇಲೆ ಏನೂ ಕಾಣುವ ಮೊದಲೇ ನೋವು ಶುರುವಾಗಿರುತ್ತದೆ. ಮೂರನೆಯದು ಬಣ್ಣ. ಮೊದಲು ಬಲೆಯ ಹಾಗೆ ನೇರಳೆ ಗೆರೆಗಳು, ಕೈಯಿಟ್ಟರೆ ಒಳಗೆ ಗಟ್ಟಿ ಗಂಟು. ನಂತರ ನೇರಳೆ ಕಪ್ಪಾಗಿ, ತೊಗಲಿನ ಥರದ ಹಕ್ಕಳೆ ಕಟ್ಟುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ನೇರಳೆ ಗೆರೆ ಸುಲಭವಾಗಿ ಕಾಣುವುದಿಲ್ಲ. ಕಿಟಕಿಯ ಬೆಳಕಿನಲ್ಲಿ ನೋಡಿ, ಕೈಯಿಂದ ಮುಟ್ಟಿ ನೋಡಿ.

ಒಬ್ಬರ ಮಾತು ಹೇಳಬೇಕು. ನಮ್ಮ ಕಡೆಯವರೇ, ಕುರ್ಲಾದಲ್ಲಿದ್ದರು, ಗಂಡ ಹೋಟೆಲಿನಲ್ಲಿ ಕೆಲಸ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಬಂದು ಚಾದರ ಎಳೆದು ಮಲಗುತ್ತಿದ್ದರು. "ತೊಡೆ ನೋಯುತ್ತೆ ಸಿಸ್ಟರ್" ಎಂದು ಮೂರು ವಾರ ಹೇಳಿದರು. ನರದ ನೋವು ಇರಬೇಕು ಎಂದು ನಾನೂ ಹೇಳಿದೆ, ಬೇರೆಯವರೂ ಹೇಳಿದರು. ಸುತ್ತ ಗಂಡಸರ ಬೆಡ್, ತೋರಿಸಲು ಆಕೆಗೆ ಸಂಕೋಚ. ನಾನು ಪರದೆ ಎಳೆದು ಚಾದರ ಎತ್ತಿ ನೋಡಬೇಕಿತ್ತು. ನೋಡಲಿಲ್ಲ. ಕೊನೆಗೆ ಬೆಡ್‌ಶೀಟ್ ಬದಲಿಸಲು ಬಂದ ಮಾವ್ಶಿಗೆ ಕಂಡಿತು. ಅಂಗೈಯಷ್ಟು ಅಗಲ ಕಪ್ಪಾಗಿತ್ತು. ಅವರು ಉಳಿಯಲಿಲ್ಲ. ಅಂದಿನಿಂದ ನೋವು ಎಂದವರ ಚಾದರ ಎತ್ತದೆ ನಾನು ಶಿಫ್ಟ್ ಮುಗಿಸಿಲ್ಲ. ಹೆಂಗಸರಿಗೆ ನನ್ನ ವಿನಂತಿ: ಪರದೆ ಎಳೆಯಿರಿ, ಹೆಣ್ಣು ನರ್ಸನ್ನು ಕರೆಯಿರಿ ಎಂದು ಕೇಳಿ. ಅದು ನಿಮ್ಮ ಹಕ್ಕು.

ಇದು ಯಾರಿಗೆ ಜಾಸ್ತಿ ಬರುತ್ತೆ?

ಅಮೆರಿಕದ ಲೆಕ್ಕದಲ್ಲಿ 10,000 ಡಯಾಲಿಸಿಸ್ ಪೇಷಂಟುಗಳಲ್ಲಿ ವರ್ಷಕ್ಕೆ ಸುಮಾರು 35 ಜನರಿಗೆ. ಜಪಾನಿನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮೈ ತೂಕ ಜಾಸ್ತಿ ಇರುವವರು, ಶುಗರ್ ಇರುವವರು, ಫಾಸ್ಫರಸ್ ಏರಿದವರು, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದವರು ಎಚ್ಚರವಾಗಿರಬೇಕು. ಪದೇ ಪದೇ ಪೆಟ್ಟಾಗುವ ಜಾಗದಲ್ಲೂ ಶುರುವಾಗಬಹುದು. ಇನ್ಸುಲಿನ್ನನ್ನು ದಿನಾ ಹೊಟ್ಟೆಯ ಒಂದೇ ಕಡೆ ಚುಚ್ಚಬೇಡಿ, ಜಾಗ ಬದಲಿಸುತ್ತಾ ಇರಿ. ಡಯಾಲಿಸಿಸ್ ಮುಗಿಸಿ ಸಂಜೆಯ ಲೋಕಲ್‌ನ ನೂಕುನುಗ್ಗಲಿಗೆ ಸಿಗಬೇಡಿ. ಅಂಗವಿಕಲರ ಡಬ್ಬದಲ್ಲಿ ಹೋಗಲು ಅನುಮತಿ ಸಿಗುತ್ತಾ ಎಂದು ವಿಚಾರಿಸಿ.

ಅಪ್ಪನಿಗೆ ಹಾರ್ಟಿಗಾಗಿ ರಕ್ತ ತೆಳು ಮಾಡೋ ಮಾತ್ರೆ ಇದೆ. ಅದರಿಂದ ಬರುತ್ತೆ ಅಂತಾರೆ. ನಿಲ್ಲಿಸಿಬಿಡಲಾ?

ನೀವಾಗಿಯೇ ನಿಲ್ಲಿಸಬೇಡಿ. ಇದನ್ನು ಎರಡು ಸಲ ಓದಿ.

ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂರದಂತೆ ಕಾಯುವ ಒಂದು ಪ್ರೋಟೀನ್ ಇದೆ. ಅದು ಕೆಲಸ ಮಾಡಲು ವಿಟಮಿನ್ ಕೆ ಬೇಕು. ರಕ್ತ ತೆಳು ಮಾಡುವ ವಾರ್ಫರಿನ್ ಎಂಬ ಮಾತ್ರೆ ವಿಟಮಿನ್ ಕೆಯನ್ನೇ ತಡೆಯುತ್ತದೆ. ಹಾಗಾಗಿ ಕಾವಲುಗಾರ ಕೈಕಟ್ಟಿ ಕೂರುತ್ತಾನೆ. ನಮ್ಮಲ್ಲಿ ಜಾಸ್ತಿ ಬರೆದುಕೊಡುವ ಅಸೆನೊಕೌಮರಾಲ್ ಕೂಡ ಇದೇ ಗುಂಪಿನದು, ಮಾತ್ರೆಯ ಹಾಳೆಯ ಮೇಲೆ ಹೆಸರು ನೋಡಿ. ಹೃದಯದ ಬಡಿತ ತಪ್ಪಿದ್ದಕ್ಕೆ ಅಥವಾ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಕೊಟ್ಟಿದ್ದರೆ ಅಪಿಕ್ಸಬಾನ್‌ನಂಥ ಬೇರೆ ಮಾತ್ರೆಗೆ ಬದಲಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಆದರೆ ಲೋಹದ ವಾಲ್ವ್ ಹಾಕಿದ್ದರೆ ಆ ಬದಲಾವಣೆ ನಡೆಯುವುದಿಲ್ಲ. ಮಾತ್ರೆ ಬಿಟ್ಟರೆ ವಾಲ್ವಿನಲ್ಲೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬರುತ್ತದೆ. ಹೃದಯದ ಡಾಕ್ಟರ್ ಮತ್ತು ಕಿಡ್ನಿ ಡಾಕ್ಟರ್ ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡುವಂತೆ ನೋಡಿಕೊಳ್ಳಿ. ದೊಡ್ಡ ಊರಿನಲ್ಲಿ ಇದೇ ಕಷ್ಟದ ಕೆಲಸ. ಒಬ್ಬರು ಅಂಧೇರಿಯಲ್ಲಿ, ಇನ್ನೊಬ್ಬರು ಪರೇಲಿನಲ್ಲಿ ಇರುತ್ತಾರೆ. ಇಬ್ಬರ ಚೀಟಿಯನ್ನೂ ಒಂದೇ ಫೈಲಿನಲ್ಲಿಟ್ಟು ಇಬ್ಬರಿಗೂ ತೋರಿಸುವವರು ನೀವೇ ಆಗಬೇಕು.

ರಾಗಿ ಗಂಜಿ, ಒಣಮೀನು ಬಿಡಬೇಕಾ? ಊಟದ್ದು ಹೇಳಿ ಸಿಸ್ಟರ್.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, 200 ಮಿಲಿಗ್ರಾಂಗೂ ಜಾಸ್ತಿ ಫಾಸ್ಫರಸ್ ಇದೆ. ಕಿಡ್ನಿ ಸರಿಯಿದ್ದವರಿಗೆ ಇದೇ ರಾಗಿ ಅಮೃತ. ಕಿಡ್ನಿ ಸೋತವರು ದಿನಾ ಕುಡಿಯುವ ಮೊದಲು ಡಯಟಿಷಿಯನ್ನರನ್ನು ಕೇಳಬೇಕು. ಊರಿನಿಂದ ಬಂದ ಅತ್ತೆಯೋ ಚಿಕ್ಕಮ್ಮನೋ ಪ್ರೀತಿಯಿಂದ "ಶಕ್ತಿ ಬರುತ್ತೆ" ಎಂದು ಬೆಳಗ್ಗೆ ಸಂಜೆ ಗಂಜಿ ಕೊಡುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಒಣ ಬೊಂಬಿಲ್, ಒಣ ಸಿಗಡಿಯಲ್ಲಿ ಉಪ್ಪೂ ಜಾಸ್ತಿ, ಫಾಸ್ಫರಸ್ಸೂ ಜಾಸ್ತಿ.

ಆದರೆ ನನಗೆ ಅದಕ್ಕಿಂತ ಭಯ ಪ್ಯಾಕೆಟ್ಟಿನ ತಿಂಡಿಯದು. ಕಾಳು, ಧಾನ್ಯದಲ್ಲಿರುವ ಫಾಸ್ಫರಸ್‌ನಲ್ಲಿ ಅರ್ಧದಷ್ಟು ಮಾತ್ರ ಮೈಗೆ ಸೇರುತ್ತದೆ. ಕೋಲಾ, ಸಂಸ್ಕರಿಸಿದ ಚೀಸ್, ಬೇಕರಿಯ ಬೇಕಿಂಗ್ ಪೌಡರ್, ಪ್ಯಾಕೆಟ್ ಮಾಂಸದಲ್ಲಿ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಸ್ಟೇಷನ್ನಿನಲ್ಲಿ ಒಂದು ಚೀಸ್ ಸ್ಯಾಂಡ್‌ವಿಚ್, ಒಂದು ಕೋಲಾ ತೆಗೆದುಕೊಂಡರೆ ಮನೆಯಲ್ಲಿ ಮಾಡಿದ ಪಥ್ಯವೆಲ್ಲಾ ನೀರುಪಾಲು.

ಫಾಸ್ಫರಸ್ ಹಿಡಿಯುವ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು. ಅದು ಹಿಡಿಯುವುದು ತಟ್ಟೆಯಲ್ಲಿ ಬಂದ ಫಾಸ್ಫರಸ್ಸನ್ನು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ದುಡ್ಡು ದಂಡ. ಕ್ಯಾಲ್ಸಿಯಂ ಇರುವ ಮಾತ್ರೆಯಾ, ಸೆವೆಲಾಮರ್‌ನಂಥ ಕ್ಯಾಲ್ಸಿಯಂ ಇಲ್ಲದ್ದಾ ಎಂದೂ ಕೇಳಿ ತಿಳಿದುಕೊಳ್ಳಿ. ಮೆಡಿಕಲ್ ಶಾಪಿನಿಂದ ನೀವಾಗಿಯೇ ಕ್ಯಾಲ್ಸಿಯಂ, ವಿಟಮಿನ್ ಡಿ ತಂದು ತಿನ್ನಬೇಡಿ.

### ಗಾಯ ಆದ ಮೇಲೆ

ಬಯಾಪ್ಸಿ ಮಾಡಿದ್ರೆ ಗಾಯ ಇನ್ನೂ ದೊಡ್ಡದಾಗುತ್ತೆ ಅಂತಾರೆ. ಒಪ್ಪಬೇಕಾ?

ಬಯಾಪ್ಸಿ ಎಂದರೆ ಪರೀಕ್ಷೆಗೆಂದು ಚರ್ಮದ ಚೂರು ಕತ್ತರಿಸಿ ತೆಗೆಯುವುದು. ಆ ಭಯದಲ್ಲಿ ನಿಜವಿದೆ. ರಕ್ತ ಹರಿಯದ ಜಾಗದಲ್ಲಿ ಕತ್ತರಿಸಿದರೆ ಅದು ಮಾಯುವುದು ಕಷ್ಟ. ಡಯಾಲಿಸಿಸ್ ಪೇಷಂಟಿನಲ್ಲಿ ಗಾಯದ ರೂಪ, ಜಾಗ, ನೋವು ಮೂರೂ ಸ್ಪಷ್ಟವಾಗಿದ್ದರೆ ಅನುಭವಿ ಡಾಕ್ಟರು ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಶುರು ಮಾಡುತ್ತಾರೆ. ಸಂಶಯವಿದ್ದರೆ ಗಾಯದ ಅಂಚಿನಿಂದ ತೆಗೆಯುತ್ತಾರೆ, ಕಪ್ಪಾದ ನಡುವಿನಿಂದಲ್ಲ. ಮೊದಲ ಕಾಯಿಲೆ, ಅಂದರೆ ಎನ್‌ಎಸ್‌ಎಫ್‌ನಲ್ಲಿ ಆಳದವರೆಗೆ ತೆಗೆದ ಬಯಾಪ್ಸಿ ಬೇಕೇ ಬೇಕು. ಅಲ್ಲಿ ಹಿಂದೇಟು ಹಾಕಬೇಡಿ.

ಡಯಾಲಿಸಿಸ್ ಹೊತ್ತಲ್ಲಿ ಥಯೊಸಲ್ಫೇಟ್ ಅಂತ ಕೊಡ್ತಿದ್ದಾರೆ. ಅದೇನು?

ಸೋಡಿಯಂ ಥಯೊಸಲ್ಫೇಟ್. ಹಳೆಯ ಫೋಟೋ ಸ್ಟುಡಿಯೋದವರಿಗೆ ಇದು "ಹೈಪೋ" ಎಂದು ಪರಿಚಯ, ಡಾರ್ಕ್ ರೂಮಿನಲ್ಲಿ ಬಳಸುತ್ತಿದ್ದರು. ಸಯನೈಡ್ ವಿಷಕ್ಕೆ ಮದ್ದಾಗಿ ಆಸ್ಪತ್ರೆಗಳಲ್ಲಿ ಮೊದಲಿನಿಂದಲೂ ಇತ್ತು. ಕ್ಯಾಲ್ಸಿಫಿಲ್ಯಾಕ್ಸಿಸ್‌ಗೆ ಬಳಸಿದ ವರದಿ 2004ರಲ್ಲಿ ಬಂತು. ಸಾಮಾನ್ಯವಾಗಿ 25 ಗ್ರಾಂ, ವಾರಕ್ಕೆ ಮೂರು ಸಲ, ಡಯಾಲಿಸಿಸ್‌ನ ಕೊನೆಯ ಗಂಟೆಯಲ್ಲಿ ನಿಧಾನವಾಗಿ ಕೊಡುತ್ತಾರೆ. ತೂಕ ಕಡಿಮೆ ಇರುವವರಿಗೆ ಪ್ರಮಾಣ ಇಳಿಸುತ್ತಾರೆ. ವಾಕರಿಕೆ, ವಾಂತಿ ತುಂಬಾ ಜನರಿಗೆ ಬರುತ್ತದೆ. ಮೊದಲೇ ವಾಂತಿ ನಿಲ್ಲುವ ಔಷಧಿ ಕೊಟ್ಟು ಇನ್ನೂ ನಿಧಾನ ಮಾಡಿದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ. ದೊಡ್ಡ ಪರೀಕ್ಷೆಗಳಿಂದ ಸಾಬೀತಾದ ಔಷಧಿ ಅಲ್ಲ ಇದು. ಆದರೂ ಕೆಲವರಲ್ಲಿ ಎರಡು ಮೂರು ವಾರಕ್ಕೇ ನೋವು ಇಳಿದದ್ದನ್ನು ನಾನು ನೋಡಿದ್ದೇನೆ. ಗಾಯ ಮಾಯಲು ತಿಂಗಳುಗಳೇ ಬೇಕು. ಇದರ ಜೊತೆ ಡಯಾಲಿಸಿಸ್ ಸಮಯ ಹೆಚ್ಚಿಸುವುದೂ ಇರುತ್ತದೆ. ಬೇಜಾರು ಮಾಡಿಕೊಳ್ಳದೆ ಒಪ್ಪಿಕೊಳ್ಳಿ.

ಕತ್ತಿನ ಆಪರೇಷನ್ ಮಾಡಿದ್ರೆ ಗುಣ ಆಗುತ್ತಾ?

ಅದು ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಯುವ ಆಪರೇಷನ್. ಆ ಗ್ರಂಥಿಯ ಹಾರ್ಮೋನು ತುಂಬಾ ಏರಿದ್ದು, ಅದನ್ನು ತಗ್ಗಿಸುವ ಸಿನಕಾಲ್ಸೆಟ್ ಮಾತ್ರೆಗೆ ಇಳಿಯದಿದ್ದರೆ ಮಾತ್ರ ಆ ಯೋಚನೆ. ಎಲ್ಲರಿಗೂ ಅಲ್ಲ.

ಗಾಯಕ್ಕೆ ಅರಿಸಿನ ಹಚ್ಚಬಹುದಾ? ಬಿಸಿ ಶಾಖ ಕೊಡಬಹುದಾ?

ಬೇಡ. ಹಕ್ಕಳೆ ಕೀಳಬೇಡಿ, ಸೊಪ್ಪು ಅರೆದು ಕಟ್ಟಬೇಡಿ, ಶಾಖ ಕೊಡಬೇಡಿ. ಈ ಕಾಯಿಲೆಯಲ್ಲಿ ಹೆಚ್ಚಿನವರು ಸಾಯುವುದು ಗಾಯದಿಂದ ನಂಜು ರಕ್ತಕ್ಕೆ ಏರಿ. ಡ್ರೆಸ್ಸಿಂಗನ್ನು ಕಲಿತವರೇ ಮಾಡಬೇಕು. ಮಾಡುವ ಮುಕ್ಕಾಲು ಗಂಟೆ ಮೊದಲು ನೋವಿನ ಔಷಧಿ ಕೊಡಿ ಎಂದು ಕೇಳಿ. ಜ್ವರ, ನಡುಕ, ವಾಸನೆ, ಮಂಪರು ಕಂಡರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮಳೆಗಾಲದ ಮಾತು ಬೇರೆಯೇ ಹೇಳಬೇಕು. ಜುಲೈಯಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ನಿಲ್ಲುತ್ತದೆ. ಗಾಯ ಇದ್ದವರು ಆ ನೀರಿನಲ್ಲಿ ಇಳಿದು ನಡೆಯಲೇಬಾರದು. ಜೂನ್ ಬರುವ ಮೊದಲೇ ಮನೆಯ ಹತ್ತಿರದ ಇನ್ನೊಂದು ಸೆಂಟರಿನಲ್ಲಿ ಮಾತಾಡಿಟ್ಟುಕೊಳ್ಳಿ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಸೇರಿದೆ. ಆ ಸೆಂಟರಿನಲ್ಲಿ ಯೋಜನೆ ನಡೆಯುತ್ತದಾ ಎಂದೂ ವಿಚಾರಿಸಿ. ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ.

ಕಿಡ್ನಿ ಕಸಿ ಮಾಡಿಸಿದ್ರೆ ಎಲ್ಲಾ ಸರಿಹೋಗುತ್ತಾ?

ಚರ್ಮ ಗಟ್ಟಿಯಾಗುವ ಕಾಯಿಲೆಯಲ್ಲಿ ಕಸಿಯಿಂದ ಸುಧಾರಿಸಿದವರಿದ್ದಾರೆ. ಹಾಗಾಗಿ ಬೇಗ ಮಾಡಿಸಿದಷ್ಟೂ ಒಳ್ಳೆಯದು. ಸುಣ್ಣದ ಕಾಯಿಲೆಯಲ್ಲಿ ತೆರೆದ, ನಂಜಾದ ಗಾಯ ಇರುವಾಗ ಕಸಿ ಮಾಡುವುದಿಲ್ಲ. ಕಸಿಯ ಔಷಧಿಗಳು ಸೋಂಕು ತಡೆಯುವ ಶಕ್ತಿಯನ್ನೇ ತಗ್ಗಿಸುತ್ತವೆ. ಮನೆಯವರಲ್ಲಿ ದಾನಿ ಇಲ್ಲದಿದ್ದರೆ ನಿಮ್ಮ ಕಸಿ ಆಸ್ಪತ್ರೆಯ ಮೂಲಕ ಮುಂಬಯಿಯ ವಲಯ ಅಂಗಾಂಗ ಕಸಿ ಸಮನ್ವಯ ಕೇಂದ್ರದ ಪಟ್ಟಿಯಲ್ಲಿ ಹೆಸರು ಬರೆಸಿ. ಪುಣೆಯವರಿಗೆ ಅಲ್ಲಿಯದೇ ಕೇಂದ್ರ ಇದೆ. ಸಾಲು ಉದ್ದವಿದೆ. ಅದಕ್ಕೇ ಗಾಯದ ಗಲಾಟೆ ಏನೂ ಇಲ್ಲದಾಗಲೇ ಹೆಸರು ಬರೆಸಿಡಬೇಕು.

ನೋವು ತಡೆಯಲಾರೆ, ಡಯಾಲಿಸಿಸ್ ನಿಲ್ಲಿಸಿಬಿಡಿ ಅಂತ ಅಪ್ಪ ಅಳ್ತಾರೆ. ಏನು ಹೇಳಲಿ?

ಈ ಪ್ರಶ್ನೆ ಬಂದಾಗ ಫೋನಿನಲ್ಲಿ ನಾನೂ ಒಂದು ಕ್ಷಣ ಸುಮ್ಮನಾಗುತ್ತೇನೆ.

ಮೊದಲು ನೋವಿಗೆ ಸರಿಯಾದ ಔಷಧಿ ಸಿಗುತ್ತಿದೆಯಾ ನೋಡಿ. ಮೆಡಿಕಲ್ ಶಾಪಿನ ಸಾಮಾನ್ಯ ನೋವಿನ ಮಾತ್ರೆಗಳು ಇದಕ್ಕೆ ಸಾಲುವುದಿಲ್ಲ, ಉಳಿದ ಕಿಡ್ನಿಗೂ ಹೊಟ್ಟೆಗೂ ಕೆಟ್ಟದ್ದು. ಮಾರ್ಫಿನ್ ಕೊಟ್ಟರೆ ಅದರ ಅಂಶಗಳು ಕಿಡ್ನಿ ಸೋತವರ ಮೈಯಲ್ಲಿ ಉಳಿದು ಮಂಪರು, ನಡುಕ ತರುತ್ತವೆ. ಫೆಂಟಾನಿಲ್, ಮೆಥಡೋನ್‌ನಂಥವು ಇವರಿಗೆ ಹೆಚ್ಚು ಹೊಂದುತ್ತವೆ, ಆದರೆ ತಿಳಿದವರೇ ಕೊಡಬೇಕು. ನೋವು, ಸಂಕಟ ತಗ್ಗಿಸುವುದನ್ನೇ ನೋಡಿಕೊಳ್ಳುವ ಪ್ಯಾಲಿಯೇಟಿವ್ ಕೇರ್ ಡಾಕ್ಟರನ್ನು ಕರೆಸಿ ಎಂದು ನೀವೇ ಕೇಳಿ. ಅವರನ್ನು ಕರೆಸಿದರೆ ಚಿಕಿತ್ಸೆ ಕೈಬಿಟ್ಟ ಹಾಗಲ್ಲ. ನೋವು ಇಳಿದ ಮೇಲೆ "ನಿಲ್ಲಿಸಿ" ಎಂಬ ಮಾತನ್ನು ತಾವಾಗಿಯೇ ಹಿಂದೆ ತೆಗೆದುಕೊಂಡವರು ಇದ್ದಾರೆ.

ನೋವು ಇಳಿದ ಮೇಲೂ ಅದೇ ಮಾತು ಹೇಳಿದರೆ ಕೂತು ಕೇಳಿ. ಹುಣ್ಣಾದ ಕ್ಯಾಲ್ಸಿಫಿಲ್ಯಾಕ್ಸಿಸ್‌ನಲ್ಲಿ ಒಂದು ವರ್ಷದೊಳಗೆ ಅರ್ಧಕ್ಕೂ ಹೆಚ್ಚು ಜನ ತೀರಿಕೊಳ್ಳುತ್ತಾರೆ ಎಂದು ಹೆಚ್ಚಿನ ವರದಿಗಳು ಹೇಳುತ್ತವೆ. ಇದನ್ನು ಮುಚ್ಚಿಟ್ಟು "ಏನೂ ಆಗಲ್ಲ ಅಪ್ಪ" ಎನ್ನಬೇಡಿ, ಅವರಿಗೆ ಗೊತ್ತಿರುತ್ತದೆ. ಯಾರನ್ನು ನೋಡಬೇಕು, ಊರಿಗೆ ಹೋಗಬೇಕಾ, ಎಲ್ಲಿರಲು ಇಷ್ಟ ಎಂದು ಕೇಳಿ. ಒಬ್ಬ ಅಜ್ಜನಿಗೆ ಬೇಕಾಗಿದ್ದದ್ದು ವಾರಕ್ಕೆ ಮೂರರ ಬದಲು ಎರಡು ಸಲ ಬರುವುದು ಮತ್ತು ಡ್ರೆಸ್ಸಿಂಗ್ ಹೊತ್ತಿಗೆ ಮಗಳು ಪಕ್ಕದಲ್ಲಿರುವುದು, ಅಷ್ಟೇ. ಡಾಕ್ಟರು ಒಪ್ಪಿದರು. ಮಗಳು ಆಫೀಸಿನ ಶಿಫ್ಟ್ ಬದಲಿಸಿಕೊಂಡಳು.